ಅಡಿಕೆ ಹಾಳೆ, ಗೆರಟೆ, ಸಲಾಕೆ: ತೋಟದ ಉಳಿಕೆಗಳಿಂದ ಮೌಲ್ಯಯುತ ವಸ್ತುಗಳ ತಯಾರಿಕೆ

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಹಾಗೂ ಈ ಎರಡು ತಾಲ್ಲೂಕುಗಳ ಗ್ರಾಮಗಳಿಂದ ರಚಿತವಾದ ಕಡಬ ತಾಲ್ಲೂಕುಗಳಲ್ಲಿ ಅಡಿಕೆಯು ಪ್ರಧಾನ ವಾಣಿಜ್ಯ ಬೆಳೆಯಾಗಿದೆ. ತೆಂಗು, ಕಾಳುಮೆಣಸು, ಕೊಕ್ಕೋ, ಗೇರು ಮತ್ತು ರಬ್ಬರ್ ಇದರ ಜೊತೆಗಾರ ಬೆಳೆಗಳು. ಮಳೆಗಾಲದ ಕೊಳೆರೋಗ, ಸುಳ್ಯ ಭಾಗದ ತೋಟಗಳನ್ನು ಬಹುಕಾಲದಿಂದ ಕಾಡುತ್ತಿರುವ ಹಳದಿ ಎಲೆ ರೋಗ ಮತ್ತು ಇತ್ತೀಚಿನ ವರ್ಷಗಳಲ್ಲಿ ಹರಡಿರುವ ಎಲೆಚುಕ್ಕಿ ರೋಗಗಳಿಂದ ಇಳುವರಿ ಕುಗ್ಗಿದಾಗ, ಅಡಿಕೆಯ ಧಾರಣೆಯನ್ನೇ ನಂಬಿದ ಸಣ್ಣ ಹಿಡುವಳಿದಾರರ ಸಂಸಾರ ತೂಗುವುದು ಕಷ್ಟವಾಗುತ್ತದೆ. ಇಂತಹ ಸಂದರ್ಭದಲ್ಲಿ ತೋಟದಲ್ಲಿ ಉದುರಿ ಬೀಳುವ ಹಾಳೆ, ಅಡುಗೆಮನೆಯಿಂದ ಹೊರಬೀಳುವ ಗೆರಟೆ, ಸತ್ತ ಅಡಿಕೆ ಮರದ ಕಾಂಡ ಮುಂತಾದವು ಉಪ ಆದಾಯದ ಮೂಲಗಳಾಗಬಲ್ಲವು.

ಆದರೆ ಕಚ್ಚಾವಸ್ತು ಬಿಟ್ಟಿಯಾಗಿ ಸಿಗುತ್ತದೆ ಎಂಬ ಮಾತ್ರಕ್ಕೆ ಉದ್ಯಮ ಲಾಭದಾಯಕವಾಗುವುದಿಲ್ಲ. ಸಂಗ್ರಹಣೆ, ಒಣಗಿಸುವಿಕೆ, ದಾಸ್ತಾನು ಮತ್ತು ಮಾರುಕಟ್ಟೆ, ಈ ನಾಲ್ಕರಲ್ಲಿ ಒಂದು ತಪ್ಪಿದರೂ ಯಂತ್ರವು ಮೂಲೆ ಸೇರುತ್ತದೆ. ಹಾಳೆ ತಟ್ಟೆಗಳ ರಫ್ತಿಗೆ 2025ರಲ್ಲಿ ಎದುರಾದ ಅಡಚಣೆಯು ಈ ವಿಷಯವನ್ನು ಹೊಸದಾಗಿ ಪರಿಶೀಲಿಸುವಂತೆ ಮಾಡಿದೆ. ಬಂಡವಾಳ ಹೂಡುವ ಮೊದಲು ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಹಾಳೆಯ ಪಾರಂಪರಿಕ ಬಳಕೆ

ಅಡಿಕೆ ಸೋಗೆಯ ಬುಡದಲ್ಲಿ ಕಾಂಡವನ್ನು ಸುತ್ತಿಕೊಂಡಿರುವ ಅಗಲವಾದ ಭಾಗವೇ ಹಾಳೆ. ತುಳುವಿನಲ್ಲಿ ಇದನ್ನು ಪಾಳೆ ಎನ್ನುತ್ತಾರೆ. ಉದ್ದುದ್ದಕ್ಕೆ ಸಾಗುವ ಗಟ್ಟಿ ನಾರುಗಳು, ಒಳಮೈಯ ನುಣುಪು ಮತ್ತು ಒದ್ದೆಯಾದಾಗ ಬಾಗಿ ಒಣಗಿದಾಗ ಬಿಗಿಯುವ ಗುಣ, ಇವು ಹಾಳೆಯ ವಿಶೇಷ. ಕರಾವಳಿಯ ಜನರು ಈ ಗುಣಗಳನ್ನು ತಲೆಮಾರುಗಳಿಂದ ಬಲ್ಲರು. ಹಸುಗೂಸಿಗೆ ಎಣ್ಣೆ ಹಚ್ಚಿ ಮೀಯಿಸಲು ಹಾಳೆ, ತೋಟದ ಕಣಿಯಿಂದ ಅಡಿಕೆ ಬುಡಕ್ಕೆ ನೀರು ಚಿಮ್ಮಿಸಲು ಹಾಳೆ, ಬಿಸಿಲಿಗೂ ತಲೆಹೊರೆಗೂ ಹಾಳೆಯ ಮುಟ್ಟಾಳೆ, ಸೆಕೆಗೆ ಹಾಳೆಯ ಬೀಸಣಿಗೆ ಹೀಗೆ ಒಂದೇ ವಸ್ತುವು ಹಲವು ಕೆಲಸಗಳಿಗೆ ಒದಗುತ್ತಿತ್ತು. ಇಂದು ಸಭೆ ಸಮಾರಂಭಗಳಲ್ಲಿ ಅತಿಥಿಗಳಿಗೆ ಮುಟ್ಟಾಳೆ ತೊಡಿಸಿ ಗೌರವಿಸುವ ರೂಢಿಯೂ ಬೆಳೆದಿದೆ.

ಹಾಳೆಯು ಕಲೆಯ ಮಾಧ್ಯಮವಾಗಿಯೂ ಪ್ರಸಿದ್ಧವಾಗಿದೆ. ಕೇರಳದ ಪತ್ತನಂತಿಟ್ಟ ಭಾಗದ ಪಡಯಣಿ ಆಚರಣೆಯಲ್ಲಿ ಅಡಿಕೆ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ಬಣ್ಣ ಬರೆದು ದೊಡ್ಡ ಕೋಲಗಳನ್ನು ನಿರ್ಮಿಸುತ್ತಾರೆ. ಯಂತ್ರವಾಗಲಿ ದೊಡ್ಡ ಬಂಡವಾಳವಾಗಲಿ ಅಲ್ಲಿ ಇಲ್ಲ. ಕೈಚಳಕವೇ ಅಲ್ಲಿ ಮೌಲ್ಯವನ್ನು ನಿರ್ಧರಿಸುತ್ತದೆ.

ಹಾಳೆಯ ಲಭ್ಯತೆ: ಮೊದಲು ಎಣಿಕೆ, ನಂತರ ಯಂತ್ರ

ಫಲ ನೀಡುವ ಒಂದು ಅಡಿಕೆ ಮರದಿಂದ ವರ್ಷಕ್ಕೆ ಸರಾಸರಿ 5ರಿಂದ 6 ಸೋಗೆಗಳು ಉದುರುತ್ತವೆ. ಶಿಫಾರಸು ಮಾಡಲಾದ 2.7 ಮೀ. × 2.7 ಮೀ. ಅಂತರದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಈ ಲೆಕ್ಕದಂತೆ ಎಕರೆಗೆ ವರ್ಷಕ್ಕೆ ಸುಮಾರು 3,000 ಹಾಳೆಗಳು ಬೀಳುತ್ತವೆ. ಇವೆಲ್ಲವೂ ಬಳಕೆಗೆ ಬರುವುದಿಲ್ಲ. ಮಳೆಗಾಲದಲ್ಲಿ ಬಿದ್ದು ಕೊಳೆತವು, ಸೀಳಿದವು, ಕಿರಿದಾದವು, ಗೆದ್ದಲು ತಿಂದವು ಮತ್ತು ಔಷಧಿಯ ಕಲೆಯುಳ್ಳವು ತಿರಸ್ಕೃತವಾಗುತ್ತವೆ. ಮೂರರಲ್ಲಿ ಒಂದು ಭಾಗ ಕಳೆದರೂ ಎಕರೆಗೆ 2,000 ಹಾಳೆಗಳಷ್ಟೇ ಉಳಿಯುತ್ತವೆ.

ಈಗ ಘಟಕದ ಅಗತ್ಯವನ್ನು ನೋಡೋಣ. ದಿನಕ್ಕೆ 500 ದೊಡ್ಡ ತಟ್ಟೆಗಳನ್ನು ಒತ್ತುವ ಘಟಕವು ವರ್ಷದಲ್ಲಿ 200 ದಿನ ನಡೆಯುವುದೆಂದು ಇಟ್ಟುಕೊಂಡರೆ, ಒಂದು ಹಾಳೆಗೆ ಒಂದು ದೊಡ್ಡ ತಟ್ಟೆಯಂತೆ 1,00,000 ಹಾಳೆಗಳು ಬೇಕು. ಇದು ಸುಮಾರು 50 ಎಕರೆ ತೋಟದ ಹಾಳೆ. ಎರಡು ಮೂರು ಎಕರೆಯ ರೈತರು ಸ್ವಂತ ಹಾಳೆಯನ್ನೇ ನಂಬಿ ಯಂತ್ರ ಕೊಳ್ಳುವುದು ಸೂಕ್ತವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಂತಹವರಿಗೆ ಮೂರು ದಾರಿಗಳಿವೆ:

• ಒಣಗಿಸಿದ ಹಾಳೆಯನ್ನು ಸಮೀಪದ ಘಟಕಕ್ಕೆ ಮಾರುವುದು.
• ನೆರೆಯ ರೈತರೊಂದಿಗೆ ಗುಂಪು ರಚಿಸಿ ಒಂದೇ ಘಟಕವನ್ನು ನಡೆಸುವುದು.
• ಕಡಿಮೆ ಹಾಳೆಯಿಂದ ಹೆಚ್ಚು ಬೆಲೆಯ ಕೈಕೆಲಸದ ವಸ್ತುಗಳನ್ನು ತಯಾರಿಸುವುದು.

ನಿರ್ಧರಿಸುವ ಮೊದಲು ತೋಟದ 50 ಮರಗಳನ್ನು ಗುರುತಿಸಿ, ಕನಿಷ್ಠ ಎರಡು ತಿಂಗಳು ಬಿದ್ದ ಹಾಳೆಗಳನ್ನೂ ಬಳಕೆಗೆ ಯೋಗ್ಯವಾದವುಗಳನ್ನೂ ಪ್ರತ್ಯೇಕವಾಗಿ ಎಣಿಸಿ ಬರೆದಿಡಬೇಕು. ಈ ಪುಟ್ಟ ದಾಖಲೆಯು ಯಂತ್ರ ಮಾರುವವರು ಹೇಳುವ ಲೆಕ್ಕಕ್ಕಿಂತ ಹೆಚ್ಚು ನಂಬಲರ್ಹ. ಹಳದಿ ಎಲೆ ರೋಗ ತಗುಲಿದ ತೋಟಗಳಲ್ಲಿ ಸೋಗೆ ಮತ್ತು ಹಾಳೆಯ ಗಾತ್ರ ಕುಗ್ಗುವುದರಿಂದ ಇಂತಹ ಎಣಿಕೆಯು ಇನ್ನಷ್ಟು ಅವಶ್ಯ.

ಹಾಳೆಗೆ ಬೇರೆ ಬೇಡಿಕೆಗಳೂ ಇವೆ ಎಂಬುದನ್ನು ಮರೆಯಬಾರದು. ಕತ್ತರಿಸಿದ ಹಾಳೆಯನ್ನು ಭತ್ತದ ಹುಲ್ಲಿನಂತೆ ಒಣ ಮೇವಾಗಿ ಬಳಸಬಹುದು. ಹೈನುಗಾರಿಕೆ ಇರುವ ಮನೆಯಲ್ಲಿ ಹಾಳೆಯನ್ನು ಮಾರಿ ಹುಲ್ಲನ್ನು ಕೊಂಡರೆ ನಷ್ಟವೇ ಆಗಬಹುದು. ತೋಟದ ಹೊದಿಕೆಯಾಗಿ, ಎರೆಗೊಬ್ಬರವಾಗಿ ಹಾಳೆಯು ಮಣ್ಣಿಗೆ ಮರಳುವುದೂ ಒಂದು ಬಗೆಯ ಆದಾಯವೇ. ಆದುದರಿಂದ ಅಗಲವಾದ, ಶುಭ್ರವಾದ ಹಾಳೆಯನ್ನು ವಸ್ತು ತಯಾರಿಕೆಗೂ, ಉಳಿದುದನ್ನು ಮೇವಿಗೂ ಗೊಬ್ಬರಕ್ಕೂ ವಿಂಗಡಿಸುವುದು ಯುಕ್ತ.

ಸಂಗ್ರಹಣೆ ಮತ್ತು ಒಣಗಿಸುವಿಕೆ

ಹಾಳೆಯ ಗುಣಮಟ್ಟವು ತೋಟದಲ್ಲಿಯೇ ನಿರ್ಧಾರವಾಗುತ್ತದೆ. ಯಂತ್ರವು ಕೆಟ್ಟ ಹಾಳೆಯನ್ನು ಒಳ್ಳೆಯ ತಟ್ಟೆಯನ್ನಾಗಿ ಮಾಡಲಾರದು.

1. ಸಂಗ್ರಹಣೆಗೆ ಡಿಸೆಂಬರ್‌ನಿಂದ ಮೇ ತಿಂಗಳ ನಡುಭಾಗದವರೆಗಿನ ಒಣ ಅವಧಿ ಸೂಕ್ತ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಪ್ರದೇಶದಲ್ಲಿ ಮಳೆಗಾಲದ ಹಾಳೆಯು ಬೇಗನೆ ಬೂಸ್ಟು ಹಿಡಿಯುತ್ತದೆ.

2. ಬಿದ್ದ ಹಾಳೆಯನ್ನು ಒಂದೆರಡು ದಿನಗಳೊಳಗೆ ಹೆಕ್ಕಬೇಕು. ನೆಲದಲ್ಲಿ ಉಳಿದಷ್ಟೂ ಮಣ್ಣಿನ ಕಲೆ, ಇಬ್ಬನಿಯ ಕಪ್ಪು ಚುಕ್ಕೆ ಮತ್ತು ಗೆದ್ದಲಿನ ಹಾವಳಿ ಹೆಚ್ಚುತ್ತದೆ.

3. ಸೋಗೆಯನ್ನು ಕತ್ತರಿಸಿ ತೋಟದಲ್ಲಿಯೇ ಹೊದಿಕೆಯಾಗಿ ಬಿಟ್ಟು, ಹಾಳೆಯನ್ನು ಮಾತ್ರ ತರಬೇಕು. ಹೊರೆಯೂ ಕಡಿಮೆಯಾಗುತ್ತದೆ, ತೋಟದ ಸಾರವೂ ತೋಟದಲ್ಲಿ ಉಳಿಯುತ್ತದೆ.

4. ಅಡಿಕೆ ಒಣಗಿಸುವ ಅಂಗಳದಲ್ಲಿ ಅಥವಾ ಸೋಲಾರ್ ಗೂಡಿನಲ್ಲಿ ಹಾಳೆಯನ್ನು ಒಂದೊಂದಾಗಿ ಹರಡಿ ಚೆನ್ನಾಗಿ ಒಣಗಿಸಬೇಕು. ಬಾಗಿಸಿದಾಗ ಗರಿಗರಿಯಾದ ಸದ್ದು ಬಂದರೆ, ಬುಡದ ದಪ್ಪ ಭಾಗವು ಮುಟ್ಟಲು ತಂಪೆನಿಸದಿದ್ದರೆ ಒಣಗಿದೆ ಎಂದು ತಿಳಿಯಬಹುದು.

5. ಒಣಗಿದ ಹಾಳೆಗಳನ್ನು 50 ಅಥವಾ 100ರ ಕಟ್ಟು ಮಾಡಿ, ನೆಲದಿಂದ ಒಂದು ಅಡಿ ಎತ್ತರದ ಅಟ್ಟಣಿಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸಬೇಕು. ಜೂನ್ ಮೊದಲ ಮಳೆಗೆ ಮುನ್ನ ದಾಸ್ತಾನನ್ನು ಮತ್ತೊಮ್ಮೆ ಬಿಸಿಲಿಗೆ ಹಾಕಿ ಒಳಗೆ ಸೇರಿಸುವುದು ಅವಶ್ಯ.

ಬೋರ್ಡೋ ದ್ರಾವಣದ ಬಗ್ಗೆ ಎಚ್ಚರಿಕೆ: ಕೊಳೆರೋಗದ ಹತೋಟಿಗಾಗಿ ಮುಂಗಾರಿನ ಆರಂಭದಲ್ಲಿಯೂ, 40ರಿಂದ 45 ದಿನಗಳ ಬಳಿಕವೂ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಲಾಗುತ್ತದೆ. ಗೊನೆಗೆ ಸಿಂಪಡಿಸಿದ ದ್ರಾವಣವು ಸಹಜವಾಗಿ ಹಾಳೆಯ ಮೇಲೂ ಬೀಳುತ್ತದೆ. ನೀಲಿ ಮಿಶ್ರಿತ ಬಿಳಿ ಕಲೆಗಳಿರುವ ಹಾಳೆಯಲ್ಲಿ ತಾಮ್ರದ ಅಂಶವಿರುತ್ತದೆ. ಅದನ್ನು ಊಟದ ತಟ್ಟೆಗಾಗಲಿ ಜಾನುವಾರುಗಳ ಮೇವಿಗಾಗಲಿ ಬಳಸಬಾರದು. ಎಲೆಚುಕ್ಕಿ ರೋಗಕ್ಕೆ ಅಂತರ್ವ್ಯಾಪಿ ಶಿಲೀಂಧ್ರನಾಶಕ ಸಿಂಪಡಿಸಿದ ತೋಟಗಳಲ್ಲಿ ಕಲೆಯು ಕಣ್ಣಿಗೆ ಕಾಣದು. ಆದ್ದರಿಂದ ಸಿಂಪಡಣೆಯ ದಿನಾಂಕ ಮತ್ತು ಔಷಧಿಯ ಹೆಸರನ್ನು ಬರೆದಿಟ್ಟು, ಹಾಳೆ ಕೊಳ್ಳುವವರಿಗೆ ತಿಳಿಸುವುದು ರೈತರ ಹೊಣೆ. ಅಂತಹ ಹಾಳೆಯನ್ನು ಆಹಾರಕ್ಕೆ ಸಂಬಂಧಿಸದ ವಸ್ತುಗಳಿಗೆ ಮೀಸಲಿಡಬಹುದು.

ತಟ್ಟೆ ಮತ್ತು ಬಟ್ಟಲು ತಯಾರಿಕೆ

ಒಣಗಿದ ಹಾಳೆಯನ್ನು ಶುದ್ಧ ನೀರಿನಲ್ಲಿ ಮೆದುವಾಗುವಷ್ಟು ಹೊತ್ತು ನೆನೆಸಿ, ನಾರಿನ ಬ್ರಷ್‌ನಿಂದ ಎರಡೂ ಮೈಗಳನ್ನು ಉಜ್ಜಿ ತೊಳೆಯಬೇಕು. ನೀರು ಬಸಿಯುವಂತೆ ನೆಟ್ಟಗೆ ನಿಲ್ಲಿಸಿ, ಮೇಲ್ಮೈ ಆರಿದ ಮೇಲೆ ಬಿಸಿ ಅಚ್ಚಿನಲ್ಲಿ ಇಟ್ಟು ಒತ್ತಲಾಗುತ್ತದೆ. ಶಾಖ ಮತ್ತು ಒತ್ತಡದಿಂದ ನಾರುಗಳು ಅಚ್ಚಿನ ರೂಪ ತಾಳುತ್ತವೆ. ಅಂಟು ಅಥವಾ ಲೇಪನದ ಅಗತ್ಯವಿಲ್ಲ. ಕೈಯಿಂದ, ಕಾಲಿನಿಂದ ಒತ್ತುವ ಯಂತ್ರಗಳೂ ಹೈಡ್ರಾಲಿಕ್ ಯಂತ್ರಗಳೂ ಬಳಕೆಯಲ್ಲಿವೆ. ಅಚ್ಚನ್ನು ಕಾಯಿಸಲು ಗ್ಯಾಸ್ ಅಥವಾ ವಿದ್ಯುತ್ ಬೇಕಾಗುತ್ತದೆ.

ಸಾಮಾನ್ಯ ದೋಷಗಳು ಮತ್ತು ಅವುಗಳ ಕಾರಣ:

• ತಟ್ಟೆಯ ಅಂಚು ಸೀಳುವುದು: ಹಾಳೆ ಸಾಕಷ್ಟು ನೆನೆದಿಲ್ಲ ಅಥವಾ ಅಚ್ಚಿನ ಆಳಕ್ಕೆ ಹಾಳೆಯ ದಪ್ಪ ಹೊಂದಿಲ್ಲ.
• ತೆಗೆದ ಬಳಿಕ ತಟ್ಟೆ ಸೊಟ್ಟಗಾಗುವುದು: ತೇವ ಉಳಿದಿದೆ. ಅಚ್ಚಿನಲ್ಲಿ ಇನ್ನಷ್ಟು ಹೊತ್ತು ಇರಬೇಕು.
• ಕಂದು ಕಲೆ, ಸುಟ್ಟ ವಾಸನೆ: ಶಾಖ ಹೆಚ್ಚಾಗಿದೆ.
• ದಾಸ್ತಾನಿನಲ್ಲಿ ಬೂಸ್ಟು: ಒತ್ತಿದ ತಟ್ಟೆಯನ್ನು ಬಿಸಿಲಿನಲ್ಲಿ ಆರಿಸದೆ ಕಟ್ಟಲಾಗಿದೆ.

ಬೂಸ್ಟು ಹಿಡಿದ ತಟ್ಟೆಯನ್ನು ಒರೆಸಿ ಮಾರುವುದು ಸರ್ವಥಾ ಸಲ್ಲದು. ಗಂಧಕದ ಹೊಗೆ ಕೊಟ್ಟು ಬಿಳುಪಾಗಿಸುವ ಕ್ರಮವನ್ನೂ ಅನುಸರಿಸಬಾರದು. ದೊಡ್ಡ ತಟ್ಟೆ ಕತ್ತರಿಸಿ ಉಳಿದ ತುದಿಗಳಿಂದ ಸಣ್ಣ ಬಟ್ಟಲುಗಳನ್ನು ಒತ್ತಿದರೆ ಒಂದೇ ಹಾಳೆಯಿಂದ ಎರಡು ವಸ್ತುಗಳು ದೊರೆಯುತ್ತವೆ. ಅನಂತರವೂ ಉಳಿಯುವ ಚೂರುಗಳು ಎರೆಗೊಬ್ಬರಕ್ಕೆ ಅಥವಾ ಚಿಪ್ಪು ಅಣಬೆ ಬೇಸಾಯಕ್ಕೆ ಉಪಯುಕ್ತ.

ಮಾರುಕಟ್ಟೆಯ ಬದಲಾದ ಸ್ಥಿತಿ

2022ರ ಜುಲೈ 1ರಿಂದ ದೇಶದಲ್ಲಿ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ನಿಷೇಧ ಜಾರಿಗೆ ಬಂದಿತು. ಇದು ಹಾಳೆ ತಟ್ಟೆಗೆ ಅನುಕೂಲಕರ ಬೆಳವಣಿಗೆ. ವಿದೇಶಗಳಲ್ಲಿಯೂ ಬೇಡಿಕೆ ಬೆಳೆದು, ಅನೇಕ ಘಟಕಗಳು ರಫ್ತುದಾರರಿಗಾಗಿಯೇ ತಟ್ಟೆ ಒತ್ತತೊಡಗಿದವು.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳ ಮಾರಾಟ ಮತ್ತು ಬಳಕೆಯನ್ನು ನಿಲ್ಲಿಸುವಂತೆ ಅಲ್ಲಿನ ವ್ಯಾಪಾರಿಗಳಿಗೂ ಆಹಾರ ಸೇವಾ ಸಂಸ್ಥೆಗಳಿಗೂ ತಿಳಿಸಿತು. ಅಡಿಕೆ ಸಸ್ಯದಲ್ಲಿ ಸ್ವಾಭಾವಿಕವಾಗಿರುವ ಆಲ್ಕಲಾಯ್ಡ್‌ಗಳು ಹಾಳೆಯಿಂದ ಆಹಾರಕ್ಕೆ ಸೇರಬಹುದು ಎಂಬುದು ಅದು ನೀಡಿದ ಕಾರಣ. ಇದು ಅಮೆರಿಕದ ಮಾರುಕಟ್ಟೆಗೆ ಅನ್ವಯಿಸುವ ಕ್ರಮ. ಆದರೂ ನಮ್ಮ ರೈತರು ಇದರಿಂದ ಮೂರು ಪಾಠಗಳನ್ನು ಕಲಿಯಬಹುದು.

ಮೊದಲನೆಯದಾಗಿ, ಒಬ್ಬನೇ ರಫ್ತುದಾರನನ್ನು ಅಥವಾ ಒಂದೇ ದೇಶವನ್ನು ನಂಬಿ ಸಾಲ ಮಾಡಬಾರದು. ಊರಿನ ಮದುವೆ, ಉಪನಯನ, ದೇವಸ್ಥಾನಗಳ ಅನ್ನಸಂತರ್ಪಣೆ ಮತ್ತು ಅಡುಗೆ ಗುತ್ತಿಗೆದಾರರಿಂದ ಬರುವ ಬೇಡಿಕೆಯು ಸಣ್ಣದಾದರೂ ಸಮೀಪದ್ದು. ಎರಡನೆಯದಾಗಿ, ಹಾಳೆ ತಟ್ಟೆಯು ಆರೋಗ್ಯಕ್ಕೆ ಅತಿ ಉತ್ತಮ, ಔಷಧೀಯ ಎಂಬಂತಹ ಆಧಾರವಿಲ್ಲದ ಬರಹವನ್ನು ಲೇಬಲ್‌ನಲ್ಲಿ ಹಾಕಬಾರದು. ಒಮ್ಮೆ ಬಳಸಿ ಗೊಬ್ಬರಗುಂಡಿಗೆ ಹಾಕಬಹುದು ಎಂಬಷ್ಟು ನಿಜ ಹೇಳಿದರೆ ಸಾಕು. ಬಿಸಿಯಾದ ದ್ರವ ಮತ್ತು ಹುಳಿ ಪದಾರ್ಥಗಳನ್ನು ದೀರ್ಘಕಾಲ ತುಂಬಿಡುವ ಪಾತ್ರೆಯಾಗಿ ಇದನ್ನು ಮಾರದಿರುವುದು ವಿವೇಕಯುತ. ಮೂರನೆಯದಾಗಿ, ಹಾಳೆಯ ಭವಿಷ್ಯವನ್ನು ತಟ್ಟೆಯೊಂದಕ್ಕೇ ಕಟ್ಟಿಹಾಕದೆ, ಆಹಾರಕ್ಕೆ ಸಂಬಂಧಿಸದ ವಸ್ತುಗಳತ್ತಲೂ ಗಮನ ಹರಿಸಬೇಕು.

ಹಾಳೆಯ ಕಲಾವಸ್ತುಗಳು

ಒಂದು ತಟ್ಟೆಯ ಬೆಲೆ ಕೆಲವೇ ರೂಪಾಯಿ. ಅದೇ ಹಾಳೆಯಿಂದ ಅಚ್ಚುಕಟ್ಟಾಗಿ ಹೊಲಿದ ಮುಟ್ಟಾಳೆ, ದೀಪದ ಮುಸುಕು ಅಥವಾ ಚಿತ್ರಫಲಕಕ್ಕೆ ಅದರ ಹಲವು ಪಟ್ಟು ಬೆಲೆ ದೊರೆಯಬಲ್ಲದು. ಇವುಗಳಿಗೆ ಹಾಳೆಯ ಪ್ರಮಾಣಕ್ಕಿಂತ ಕೌಶಲ ಮುಖ್ಯವಾದುದರಿಂದ ಸಣ್ಣ ಹಿಡುವಳಿಯ ಮನೆಗಳಿಗೆ ಹೆಚ್ಚು ಸೂಕ್ತ.

ಮುಟ್ಟಾಳೆ: ಆಗತಾನೆ ಬಿದ್ದ, ಅಗಲವಾದ, ಸೀಳಿಲ್ಲದ ಹಾಳೆಯನ್ನು ಆರಿಸಬೇಕು. ಒಳಮೈಯ ತೆಳು ಪೊರೆಯನ್ನು ಸುಲಿದು, ಹಾಳೆಯನ್ನು ನೀರಿನಲ್ಲಿ ಮೆದುಗೊಳಿಸಿ, ಎರಡೂ ತುದಿಗಳನ್ನು ನೆರಿಗೆಯಂತೆ ಮಡಚಿ ಗಟ್ಟಿ ದಾರದಿಂದ ಹೊಲಿದು, ನೆರಳಿನಲ್ಲಿ ಒಣಗಿಸಲಾಗುತ್ತದೆ. ಒಣಗುವಾಗ ಕುಗ್ಗುವುದರಿಂದ ತಲೆಯ ಅಳತೆಗಿಂತ ತುಸು ದೊಡ್ಡದಾಗಿ ಹೊಲಿಯಬೇಕು. ಇದನ್ನು ಬಲ್ಲ ಹಿರಿಯರು ಪ್ರತಿ ಗ್ರಾಮದಲ್ಲಿ ಕೆಲವರಷ್ಟೇ ಉಳಿದಿರುತ್ತಾರೆ. ತರಬೇತಿಗೆ ಹೊರಗಿನವರನ್ನು ಕರೆಯುವ ಮೊದಲು ಅವರನ್ನು ಗುರುತಿಸಿ, ಗೌರವಧನ ನೀಡಿ, ಶಿಕ್ಷಕರಾಗಿ ಕರೆಯಬೇಕು.

ಚಿತ್ರಫಲಕ ಮತ್ತು ಮುಖವಾಡ: ಮೆದುವಾದ ಹಾಳೆಯನ್ನು ಎರಡು ಹಲಗೆಗಳ ನಡುವೆ ಭಾರ ಹೇರಿ ಚಪ್ಪಟೆಯಾಗಿ ಒಣಗಿಸಿದರೆ ಬರೆಯಲು ಯೋಗ್ಯವಾದ ಫಲಕವಾಗುತ್ತದೆ. ಕೆಮ್ಮಣ್ಣು, ಇದ್ದಿಲು, ಸುಣ್ಣ, ಅರಿಸಿನ ಇವು ಊರಿನಲ್ಲಿಯೇ ಸಿಗುವ ಬಣ್ಣಗಳು. ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಕೆಂಪು ಬರುತ್ತದೆ. ಆದರೆ ಅರಿಸಿನದ ಬಣ್ಣವು ಬೆಳಕಿಗೆ ಮಾಸುವುದರಿಂದ ಬಹುಕಾಲ ಉಳಿಯಬೇಕಾದ ಫಲಕಗಳಿಗೆ ಕೆಮ್ಮಣ್ಣು ಮತ್ತು ಇದ್ದಿಲು ಸೂಕ್ತ. ದೈವಾರಾಧನೆಗೆ ಸಂಬಂಧಿಸಿದ ಮುಖ, ಅಣಿಗಳ ಪ್ರತಿರೂಪಗಳನ್ನು ಅಲಂಕಾರದ ಸರಕಾಗಿ ಮಾರುವುದು ಊರಿನವರ ಮನಸ್ಸಿಗೆ ನೋವುಂಟುಮಾಡಬಹುದು. ಆ ಸೇವೆ ಮಾಡುವ ಸಮುದಾಯದವರನ್ನು ಕೇಳದೆ ಅಂತಹ ವಿನ್ಯಾಸಗಳಿಗೆ ಕೈಹಾಕಬಾರದು. ಪ್ರಾಣಿ, ಪಕ್ಷಿ, ಹೂಬಳ್ಳಿ, ಯಕ್ಷಗಾನದ ಕಿರೀಟದಂತಹ ವಿನ್ಯಾಸಗಳಿಗೆ ಸಾಕಷ್ಟು ಅವಕಾಶವಿದೆ.

ಇತರ ವಸ್ತುಗಳು: ಬೀಸಣಿಗೆ, ಆಮಂತ್ರಣ ಪತ್ರಿಕೆ, ಉಡುಗೊರೆ ಪೆಟ್ಟಿಗೆ, ಕಡತದ ಹೊದಿಕೆ, ಪಾದರಕ್ಷೆಯ ಅಟ್ಟೆ ಮತ್ತು ಸಸಿ ಬೆಳೆಸುವ ಕೊಟ್ಟೆ. ಸಸಿ ಕೊಟ್ಟೆಯು ಪ್ಲಾಸ್ಟಿಕ್ ಚೀಲಕ್ಕೆ ಪರ್ಯಾಯ. ಸಸಿಯೊಂದಿಗೆ ಹಾಗೆಯೇ ನೆಡಬಹುದಾದುದರಿಂದ ಬೇರಿಗೆ ಘಾಸಿಯಾಗದು. ಆದರೆ ಒಂದೇ ಮಳೆಗಾಲದಲ್ಲಿ ಕರಗುವುದರಿಂದ ಅಲ್ಪಾವಧಿಯ ಸಸಿಗಳಿಗೆ ಮಾತ್ರ ತಕ್ಕುದು.

ಗೆರಟೆಯ ವಸ್ತುಗಳು

ಗೆರಟೆಯ ಸೌಟು ಕರಾವಳಿಯ ಅಡುಗೆಮನೆಗೆ ಹೊಸದಲ್ಲ. ಹೆಚ್ಚಿನ ಮನೆಗಳಲ್ಲಿ ಇಂದು ಗೆರಟೆಯು ಬಚ್ಚಲ ಒಲೆಗೆ ಹೋಗುತ್ತದೆ. ಚೆನ್ನಾಗಿ ಬಲಿತ, ಬಿರುಕಿಲ್ಲದ ಗೆರಟೆಯನ್ನು ನೆರಳಿನಲ್ಲಿ ಒಣಗಿಸಿ, ಒಳಗಿನ ತಿರುಳು ಮತ್ತು ಹೊರಗಿನ ನಾರನ್ನು ಕೆರೆದು, ಒರಟು ಮರಳು ಕಾಗದದಿಂದ ಆರಂಭಿಸಿ ಕ್ರಮವಾಗಿ ನಯವಾದ ಕಾಗದದಿಂದ ತಿಕ್ಕಬೇಕು. ಆಹಾರಕ್ಕೆ ಬಳಸುವ ಬಟ್ಟಲು ಮತ್ತು ಸೌಟಿಗೆ ತೆಂಗಿನೆಣ್ಣೆ ಅಥವಾ ಜೇನುಮೇಣದ ಲೇಪ ಸಾಕು, ವಾರ್ನಿಷ್ ಬಳಸಬಾರದು. ಗುಂಡಿ, ಕಿವಿಯೋಲೆ, ಕೀಲಿಗೊಂಚಲು, ದೀಪ, ಮೇಣದಬತ್ತಿಯ ಬಟ್ಟಲು ಮುಂತಾದವು ಸಣ್ಣ ಚೂರುಗಳಿಂದಲೂ ಆಗುತ್ತವೆ. ಕೊರೆಯುವ ಮತ್ತು ಉಜ್ಜುವ ಕೆಲಸದಲ್ಲಿ ನುಣ್ಣನೆಯ ಧೂಳು ಏಳುವುದರಿಂದ ಮುಖಕವಚ ಮತ್ತು ಕನ್ನಡಕ ಕಡ್ಡಾಯ.

ಅಡಿಕೆ ಮರದ ಸಲಾಕೆ

ಹಳದಿ ಎಲೆ ರೋಗ ಅಥವಾ ಮುಪ್ಪಿನಿಂದ ಕಡಿಯಬೇಕಾದ ಮರಗಳ ಕಾಂಡವು ಹಿಂದೆ ದಂಬೆಯಾಗಿ ನೀರು ಹಾಯಿಸಲು, ಸಲಾಕೆಯಾಗಿ ಮಾಡು ಮತ್ತು ಬೇಲಿಗೆ ಬಳಕೆಯಾಗುತ್ತಿತ್ತು. ಕಾಂಡದ ಹೊರಭಾಗವು ಗಟ್ಟಿ, ಒಳತಿರುಳು ಮೆದು. ಬಲಿತ ಮರವನ್ನು ಬೇಸಿಗೆಯಲ್ಲಿ ಕಡಿದು ಸೀಳಿ, ತಿರುಳನ್ನು ಪೂರ್ತಿ ಕೆತ್ತಿ ತೆಗೆದು ನೆರಳಿನಲ್ಲಿ ಒಣಗಿಸಬೇಕು. ತಿರುಳು ಉಳಿದರೆ ಕೊರೆಹುಳು ಮತ್ತು ಶಿಲೀಂಧ್ರದ ಬಾಧೆ ತಪ್ಪದು. ಬೋರಿಕ್ ಆಮ್ಲ ಮತ್ತು ಬೊರಾಕ್ಸ್ ದ್ರಾವಣದಲ್ಲಿ ನೆನೆಸಿದರೆ ಬಾಳಿಕೆ ಹೆಚ್ಚುತ್ತದೆ. ಇಂತಹ ಸಲಾಕೆಯಿಂದ ಬೆಂಚು, ಚಿತ್ರದ ಚೌಕಟ್ಟು, ತಟ್ಟಿ, ಹೂಕುಂಡದ ನಿಲುವು ಮಾಡಬಹುದು. ಉಜ್ಜಿದಾಗ ಕಾಣುವ ಕಪ್ಪು ಮತ್ತು ಕಂದು ಗೆರೆಗಳು ಇದರ ಸಹಜ ಅಲಂಕಾರ. ಅಣಬೆ ರೋಗ ತಗುಲಿದ ಮರದ ಬುಡಭಾಗವು ಕೊಳೆತಿರುವುದರಿಂದ ಕೆಲಸಕ್ಕೆ ಬಾರದು. ಅದನ್ನು ತೋಟದಲ್ಲಿ ಬಿಡದೆ ಬೇರುಸಹಿತ ತೆಗೆದು ಸುಡಬೇಕು.

ವೆಚ್ಚದ ಲೆಕ್ಕ

ವೆಚ್ಚದಲ್ಲಿ ಹಾಳೆ ಹೆಕ್ಕುವ ಮತ್ತು ಸಾಗಿಸುವ ಕೂಲಿ, ಒಣಗಿಸುವ ಕೂಲಿ, ಇಂಧನ, ಸಾಲದ ಬಡ್ಡಿ, ಯಂತ್ರದ ಸವಕಳಿ, ಪ್ಯಾಕಿಂಗ್ ಮತ್ತು ಸಾಗಾಟ ಸೇರಿರಬೇಕು. ಮನೆಯವರ ದುಡಿಮೆಗೂ ಪೇಟೆಯ ಕೂಲಿಯ ದರವನ್ನೇ ಹಿಡಿಯಬೇಕು. ಒಟ್ಟು ವೆಚ್ಚವನ್ನು ತಯಾರಾದ ವಸ್ತುಗಳ ಸಂಖ್ಯೆಯಿಂದಲ್ಲ, ಮಾರಾಟವಾಗಿ ಹಣ ಕೈಸೇರಿದ ವಸ್ತುಗಳ ಸಂಖ್ಯೆಯಿಂದ ಭಾಗಿಸಬೇಕು. ಆಗ ದೊರೆಯುವುದೇ ನಿಜವಾದ ತಯಾರಿಕಾ ವೆಚ್ಚ. ಹಾಳೆ ಹೆಕ್ಕುವುದು ಅಡಿಕೆ ಹೆಕ್ಕುವ ದಿನದ ಕೆಲಸದೊಂದಿಗೆ ಕೂಡಿದರೆ ಕೂಲಿ ಉಳಿಯುತ್ತದೆ. ಅದಕ್ಕಾಗಿಯೇ ಪ್ರತ್ಯೇಕ ಆಳು ಬೇಕಾದರೆ ತಟ್ಟೆಯ ಲಾಭ ಕರಗಿಹೋಗುತ್ತದೆ.

ಮಾರಾಟ, ತರಬೇತಿ ಮತ್ತು ನೆರವು

• ಏಪ್ರಿಲ್ ತಿಂಗಳ ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆ, ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ ಹಾಗೂ ವರ್ಷವಿಡೀ ಬರುವ ಯಾತ್ರಿಕರು ಕರಕುಶಲ ವಸ್ತುಗಳಿಗೆ ಸಮೀಪದ ಮಾರುಕಟ್ಟೆ. ಯಾತ್ರಿಕರು ಕೈಚೀಲದಲ್ಲಿ ಒಯ್ಯಬಹುದಾದ ಗಾತ್ರ ಮತ್ತು ತೂಕಕ್ಕೆ ಆದ್ಯತೆ ನೀಡಬೇಕು.

• ವಿಟ್ಲದಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಅಡಿಕೆಯ ಕುರಿತೂ, ಕಡಬ ತಾಲ್ಲೂಕಿನ ನೆಟ್ಟಣದ ಬಳಿಯ ಕಿದು ಕೇಂದ್ರದಲ್ಲಿ ತೆಂಗಿನ ಕುರಿತೂ ತಾಂತ್ರಿಕ ಮಾಹಿತಿ ದೊರೆಯುತ್ತದೆ. ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು.

• ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ತರಬೇತಿ ನೀಡುತ್ತದೆ. ಮಹಿಳಾ ಸ್ವಸಹಾಯ ಗುಂಪುಗಳು ಸಂಜೀವಿನಿ ಯೋಜನೆಯ ಒಕ್ಕೂಟಗಳ ಮೂಲಕ ಮಾರಾಟ ಮೇಳಗಳಲ್ಲಿ ಭಾಗವಹಿಸಬಹುದು.

• ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ ಗ್ರಾಮೀಣ ಪ್ರದೇಶದ ಹೊಸ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಗಳಿಗೆ ಶೇ. 35ರ ಸಹಾಯಧನವಿದೆ. ಅರ್ಜಿ ಸಲ್ಲಿಸುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಚಾಲ್ತಿಯಲ್ಲಿರುವ ನಿಯಮಗಳನ್ನು ಖಚಿತಪಡಿಸಿಕೊಳ್ಳಬೇಕು. ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಳ್ಳಬಾರದು.

ವಿಸ್ತರಣಾ ಕಾರ್ಯಕರ್ತರಿಗೆ ವಾರ್ಷಿಕ ವೇಳಾಪಟ್ಟಿ

• ಅಕ್ಟೋಬರ್–ನವೆಂಬರ್: ಗ್ರಾಮವಾರು ಆಸಕ್ತರ ಪಟ್ಟಿ, ಮರಗಳ ಎಣಿಕೆ, ಸಿಂಪಡಣೆ ದಾಖಲೆ ಇಡುವ ಕ್ರಮದ ತಿಳುವಳಿಕೆ.
• ಡಿಸೆಂಬರ್–ಮೇ: ಸಂಗ್ರಹಣೆ, ಒಣಗಿಸುವಿಕೆ, ವಿಂಗಡಣೆಯ ಪ್ರಾತ್ಯಕ್ಷಿಕೆ. ಸಾಮೂಹಿಕ ದಾಸ್ತಾನು ಕೊಠಡಿಯ ಏರ್ಪಾಡು.
• ಜೂನ್–ಸೆಪ್ಟೆಂಬರ್: ತೋಟದ ಕೆಲಸ ಬಿಡುವಿದ್ದಾಗ ಮುಟ್ಟಾಳೆ, ಗೆರಟೆ ಕೆಲಸ, ಚಿತ್ರಫಲಕಗಳ ತರಬೇತಿ. ತಯಾರಾದ ವಸ್ತುಗಳನ್ನು ತೇವದಿಂದ ಕಾಪಾಡುವ ಕ್ರಮ.

ಮುಖ್ಯಾಂಶಗಳು

ತೋಟದ ಉಳಿಕೆಗಳಲ್ಲಿ ನಿಜವಾಗಿ ಬಿಸಾಡುವಂತಹುದು ಅತ್ಯಲ್ಪ. ಅಗಲವಾದ ಶುಭ್ರ ಹಾಳೆಯು ತಟ್ಟೆಗೆ, ಆಗತಾನೆ ಬಿದ್ದ ಮೆದು ಹಾಳೆಯು ಮುಟ್ಟಾಳೆಗೆ, ಔಷಧಿ ತಾಗಿದುದು ಅಲಂಕಾರದ ವಸ್ತುಗಳಿಗೆ, ಔಷಧಿ ತಾಗದ ಸಣ್ಣ ಹಾಳೆಯು ಹಟ್ಟಿಯ ಮೇವಿಗೆ, ಚೂರು ಪಾರು ಗೊಬ್ಬರಗುಂಡಿಗೆ ಸಲ್ಲುತ್ತವೆ. ಎರಡು ತಿಂಗಳ ಎಣಿಕೆ, ಒಂದು ಬೇಸಿಗೆಯ ದಾಸ್ತಾನು ಮತ್ತು ಮುಂಗಡವಾಗಿ ಗೊತ್ತುಮಾಡಿಕೊಂಡ ಕನಿಷ್ಠ ಎರಡು ಬಗೆಯ ಗ್ರಾಹಕರು, ಇವು ಸಿದ್ಧವಾದ ಬಳಿಕವೇ ಯಂತ್ರದ ಬಗ್ಗೆ ಯೋಚಿಸುವುದು ರೈತರಿಗೆ ಕ್ಷೇಮಕರ.